ತುಂಗಾ ಹೊಳೆಬದಿಯ ಹೋಂಸ್ಟೇಯಲ್ಲಿ 3 ದಿನ: ನೀರುನಾಯಿ, ಮಂಗಟ್ಟೆಗಳನ್ನು ತೊಂದರೆ ಕೊಡದೆ ನೋಡುವುದು ಹೇಗೆ?

ಕೇಳಿದವರು: ಹೊಳೆದಾರಿ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೇ ವಾರ ತೀರ್ಥಹಳ್ಳಿ ಹತ್ತಿರ, ತುಂಗಾ ಹೊಳೆಗೆ ತಾಗಿಕೊಂಡೇ ಇರುವ ಒಂದು ಹೋಂಸ್ಟೇಯಲ್ಲಿ 3 ರಾತ್ರಿ ಉಳಿಯುವವರಿದ್ದೇವೆ. ನಾವಿಬ್ಬರು, 8 ಮತ್ತು 12 ವರ್ಷದ ಮಕ್ಕಳು, 66 ವರ್ಷದ ಅತ್ತೆ. ಹೊಳೆಯಲ್ಲಿ ನೀರುನಾಯಿ ಇವೆ, ತೋಟದ ಮೇಲಿನ ಕಾನಿನಲ್ಲಿ (ದಟ್ಟ ಕಾಡಿನಲ್ಲಿ) ಮಂಗಟ್ಟೆ (ಹಾರ್ನ್‌ಬಿಲ್) ಗೂಡು ಇದೆ, ಬೇಕಾದರೆ ತೋರಿಸುತ್ತೇವೆ ಎಂದು ಮನೆಯವರು ಹೇಳಿದ್ದಾರೆ. ತೆಪ್ಪದಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತಾರಂತೆ.

ನೋಡುವ ಆಸೆ ಬಹಳ ಇದೆ. ಆದರೆ ನಾವು ಹೋಗಿದ್ದರಿಂದ ಅವು ಜಾಗ ಬಿಡುವ ಹಾಗಾಗಬಾರದು. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ದೂರದಲ್ಲಿ ಕೂರಬೇಕು? ಬೈನಾಕ್ಯುಲರ್ 8×42 ಒಳ್ಳೆಯದೋ 10×42 ಒಳ್ಳೆಯದೋ? ರಾತ್ರಿ ಟಾರ್ಚ್ ಹಿಡಿದು ಕಪ್ಪೆ, ಗೂಬೆ ನೋಡಬಹುದಾ? ಮಂಗನ ಕಾಯಿಲೆ ಹೆದರಿಕೆಗೆ ಅತ್ತೆ ಬರಲೇ ಹಿಂದೇಟು ಹಾಕುತ್ತಿದ್ದಾರೆ, ಅದರ ಬಗ್ಗೆಯೂ ಗೊತ್ತಿದ್ದವರು ಹೇಳಿ. ಹೋಗುವ ದಾರಿಯಲ್ಲಿ ಮಂಡಗದ್ದೆ ಪಕ್ಷಿಧಾಮ ನೋಡುವ ಯೋಚನೆಯೂ ಇದೆ.

ಉತ್ತರ: ತುಂಗಾತಟ

ಒಳ್ಳೇ ಕಾಲ ಆರಿಸಿದ್ದೀರಿ. ಅಷ್ಟು ಹೊತ್ತಿಗೆ ಎಳ್ಳಮಾವಾಸ್ಯೆ ಜಾತ್ರೆಯ ಗದ್ದಲ ಮುಗಿದಿರುತ್ತದೆ. ಹೊಳೆ ಇಳಿದು ಬಂಡೆಗಳು ಮೇಲೆದ್ದಿರುತ್ತವೆ, ನೀರು ತಿಳಿಯಾಗಿರುತ್ತದೆ.

ಮೊದಲನೆಯದಾಗಿ, ದಡದುದ್ದಕ್ಕೂ ಅಲೆಯಬೇಡಿ. ಒಂದೇ ಜಾಗ ಹಿಡಿದು ಕೂತವರಿಗೆ ಕಾಣುವಷ್ಟು ಅಲೆಯುವವರಿಗೆ ಕಾಣುವುದಿಲ್ಲ. ಎತ್ತರದ ದಡದ ಮೇಲೆ ನಡೆಯುವ ಮನುಷ್ಯ ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತಾನೆ. ನೀರಲ್ಲಿರುವ ಪ್ರಾಣಿ ಕೆಳಗಿನಿಂದ ಮೇಲೆ ನೋಡುತ್ತಿರುತ್ತದೆ, ಹಾಗಾಗಿ ನೀವು ಅದನ್ನು ನೋಡುವುದಕ್ಕಿಂತ ಬಹಳ ಮೊದಲೇ ಅದು ನಿಮ್ಮನ್ನು ನೋಡಿ ಮುಗಿಸಿರುತ್ತದೆ.

ಮೊದಲ ದಿನ ಮಧ್ಯಾಹ್ನ 12ರ ಸುಮಾರಿಗೆ, ನೀರುನಾಯಿಗಳು ಸಾಮಾನ್ಯವಾಗಿ ವಿಶ್ರಾಂತಿಯಲ್ಲಿರುವ ಹೊತ್ತಿನಲ್ಲಿ, ಒಮ್ಮೆ ಮಾತ್ರ ದಡ ನೋಡಿಕೊಂಡು ಬನ್ನಿ. ಹುಡುಕಬೇಕಾದ್ದು ಅವುಗಳ ಹಿಕ್ಕೆ. ನೀರಿಗೆ ಚಾಚಿಕೊಂಡ ಚಪ್ಪಟೆ ಬಂಡೆ, ಎರಡು ಹರಿವು ಸೇರುವ ಮೂಲೆ, ಮರಳಿನ ದಿಬ್ಬ, ಇಂಥ ಕಡೆ ಇಡೀ ಗುಂಪು ಒಂದೇ ಜಾಗದಲ್ಲಿ ಹಾಕುತ್ತದೆ. ಹೊಸದಾದರೆ ಕಪ್ಪಗೆ, ಲೋಳೆಯಾಗಿ, ಹಸಿಮೀನಿನ ವಾಸನೆ ಗಪ್ಪೆಂದು ಬರುತ್ತದೆ. ಹಳೆಯದು ಬಿಸಿಲಿಗೆ ಬೆಳ್ಳಗಾಗಿ ಪುಡಿಪುಡಿಯಾಗಿರುತ್ತದೆ. ಬಗ್ಗಿ ನೋಡಿದರೆ ಅದರಲ್ಲಿ ಮೀನಿನ ಹುರುಪೆ, ಏಡಿ ಚಿಪ್ಪಿನ ಕೆಂಪು ಚೂರು ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಮಕ್ಕಳಿಗೆ ತೋರಿಸಿ, ಆದರೆ ಕೆದಕುವುದು, ನೀರು ಹಾಕಿ ತೊಳೆಯುವುದು ಬೇಡ. ಒಂದು ಗುಂಪು ಇನ್ನೊಂದಕ್ಕೆ ಸುದ್ದಿ ಹೇಳುವುದು ಆ ವಾಸನೆಯಲ್ಲೇ.

ಆ ಬಂಡೆಯ ಹತ್ತಿರ ಕೂರಬೇಡಿ. ಸಾಧ್ಯವಾದರೆ ಎದುರು ದಡದಲ್ಲಿ, ಇಲ್ಲವಾದರೆ ಇದೇ ದಡದಲ್ಲಿ ಕನಿಷ್ಠ 50 ಮೀಟರ್ ಆಚೆ ಕೂತುಕೊಳ್ಳಿ. ಬೆನ್ನಿಗೆ ಹೊಳೆಮತ್ತಿ ಮರದ ಬುಡವೋ ದಟ್ಟ ಪೊದೆಯೋ ಇರಲಿ, ಆಗ ನಿಮ್ಮ ಆಕಾರ ಅದರಲ್ಲಿ ಕರಗುತ್ತದೆ. ಗಾಳಿ ಪ್ರಾಣಿಯ ಕಡೆಯಿಂದ ನಿಮ್ಮ ಕಡೆಗೆ ಬರಬೇಕು. ಬೆಳಗಿನ ಚಳಿಗೆ ತಣ್ಣನೆ ಗಾಳಿ ಹೊಳೆ ಹರಿದ ದಿಕ್ಕಿಗೇ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ ಬಂಡೆಯಿಂದ ಕೆಳಹರಿವಿನ ಬದಿ ಕೂರಬೇಕು. ಬಿಸಿಲೇರಿದ ಮೇಲೆ ಗಾಳಿ ತಿರುಗುತ್ತದೆ. ಅನುಮಾನವಿದ್ದರೆ ಬಚ್ಚಲೊಲೆಯಿಂದ ಒಂದು ಚಿಟಿಕೆ ಬೂದಿ ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಬೆರಳಿಂದ ಉದುರಿಸಿದರೆ ಗೊತ್ತಾಗುತ್ತದೆ.

ಜನವರಿ ಕೊನೆಗೆ ಸೂರ್ಯ ಹುಟ್ಟುವುದು 7ರ ಆಸುಪಾಸು. 6:30ಕ್ಕೆ ಕೂತುಬಿಡಿ. ಹೊಳೆ ಮೇಲೆ ಮಂಜಿರುವಷ್ಟು ಹೊತ್ತು ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ. ಮೀನು ಅಟ್ಟುವಾಗ ನೀರು ಬಡಿಯುವ ಸದ್ದು, ಒಂದನ್ನೊಂದು ಕರೆಯುವ ಚಿಲಿಪಿಲಿಯಂಥ ಸಿಳ್ಳೆ ಮೊದಲು ಕೇಳುತ್ತವೆ. 9:30ಕ್ಕೆ ಎದ್ದು ಬರಬಹುದು. ಸಂಜೆಗೆ 4:45ರಿಂದ 6:15 ಸಾಕು, ಕತ್ತಲಾಗುವ ಮೊದಲು ದಡ ಖಾಲಿ ಮಾಡಿ.

ದೂರದ ಲೆಕ್ಕಕ್ಕಿಂತ ಅವುಗಳ ನಡವಳಿಕೆ ನೋಡಿ. ಮುಳುಗಿ ಏಳುತ್ತಾ, ಮೀನು ಕಚ್ಚಿ ತಿನ್ನುತ್ತಾ, ಮರಳಲ್ಲಿ ಹೊರಳುತ್ತಾ ಇದ್ದರೆ ನಿಮ್ಮ ಗೊಡವೆ ಅವಕ್ಕಿಲ್ಲ. ಒಂದು ತಲೆ ಎತ್ತಿ ಕತ್ತು ನೀಳ ಮಾಡಿ ನಿಮ್ಮ ಕಡೆ ದಿಟ್ಟಿಸಿದರೆ ಅದು ಮೊದಲ ಎಚ್ಚರಿಕೆ. ಉಳಿದವೂ ಹಾಗೇ ಮಾಡಿ, ಮೂಗಿನಿಂದ 'ಹಫ್' ಎಂದು ಉಸಿರು ಬಿಟ್ಟರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ಆಗ ತಟ್ಟನೆ ಎದ್ದು ನಿಲ್ಲಬೇಡಿ. ಬೈನಾಕ್ಯುಲರ್ ಇಳಿಸಿ ಅಲುಗದೆ ಇರಿ. ಎರಡು ನಿಮಿಷದಲ್ಲಿ ಅವು ತಮ್ಮ ಕೆಲಸಕ್ಕೆ ಮರಳದಿದ್ದರೆ ಬಗ್ಗಿಕೊಂಡೇ ನಿಧಾನ ಹಿಂದೆ ಸರಿಯಿರಿ, ಆ ದಿನ ಮತ್ತೆ ಅಲ್ಲಿಗೆ ಹೋಗಬೇಡಿ. ಚಳಿಗಾಲದಲ್ಲಿ ಮರಿಗಳೂ ಜೊತೆಗಿರಬಹುದು. ಮರಿ ಕಂಡರೆ ದೂರವನ್ನು ಎರಡು ಪಟ್ಟು ಮಾಡಿ. ಬಿಲ ಎಲ್ಲಿದೆ ಎಂದು ಹುಡುಕುವ ಪ್ರಯತ್ನವೇ ಬೇಡ. ಹೊಳೆಗೂ ಬಿಲಕ್ಕೂ ನಡುವೆ ಮನುಷ್ಯರು ನಿಂತರೆ ತಾಯಿ ಮರಿಗಳ ಹತ್ತಿರ ಬರಲಾರದೆ ನೀರಲ್ಲೇ ಸುತ್ತುತ್ತಿರುತ್ತದೆ.

ಬೈನಾಕ್ಯುಲರ್ 8×42 ತನ್ನಿ. 10×ನಲ್ಲಿ ಕೈನಡುಕವೂ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲವೂ ಕಡಿಮೆ, ಮುಳುಗಿದ ನೀರುನಾಯಿ ಎಲ್ಲಿ ಎದ್ದಿತು ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿ.ಮೀ., 10ರಿಂದ ಭಾಗಿಸಿದರೆ 4.2. ಮಂಜಿನ ಮುಂಜಾವಿನಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಚಿಕ್ಕವನಿಗೆ 8×32 ಇದ್ದರೆ ಕುತ್ತಿಗೆಗೆ ಹಗುರ. ಕನ್ನಡಕ ಹಾಕುವವರು ಕಣ್ಣಿನ ಬದಿಯ ರಬ್ಬರ್ ಬಳೆಯನ್ನು ಒಳಕ್ಕೆ ತಿರುಗಿಸಿಕೊಳ್ಳಲಿ.

ಬಿಳಿ ಬಟ್ಟೆ ಬೇಡ, ಮಣ್ಣಿನ ಬಣ್ಣ, ಮಾಸಲು ಹಸಿರು ಇರಲಿ. ಚರಚರ ಸದ್ದು ಮಾಡುವ ಜಾಕೆಟ್ ಮನೆಯಲ್ಲೇ ಬಿಡಿ. ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ, ಪಿಸುಮಾತಿನ 'ಸ್' ಸದ್ದೂ ಅಷ್ಟೇ. ಮಕ್ಕಳಿಗೆ ಕೈಸನ್ನೆ ಕಲಿಸಿ. ಎಂಟು ವರ್ಷದವನು 40 ನಿಮಿಷಕ್ಕಿಂತ ಹೆಚ್ಚು ಕೂರುವುದು ಕಷ್ಟ. ಒಬ್ಬರು ದೊಡ್ಡವರು ಅವನನ್ನು ವಾಪಸ್ ಕರೆದುಕೊಂಡು ಹೋಗಲು ತಯಾರಿರಿ.

ಉತ್ತರ: ದರಗು

ಮಂಗನ ಕಾಯಿಲೆ ಬಗ್ಗೆ ಅತ್ತೆಯವರ ಹೆದರಿಕೆಗೆ ಕಾರಣ ಇದೆ. ಅದನ್ನು ತಳ್ಳಿಹಾಕಬೇಡಿ. ಇದು ಮೊದಲು ಗುರುತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಕಾಯಿಲೆ ಏಳುವ ಕಾಲವೂ ಮಳೆ ನಿಂತ ಮೇಲೆ, ಮುಂದಿನ ಮಳೆ ಬರುವವರೆಗೆ. ಜನವರಿ ಅದರ ನಡುವೆಯೇ ಬರುತ್ತದೆ. ಆದರೆ ಹೋಗಲೇಬಾರದು ಎಂದೇನಲ್ಲ. ಅದು ಹೇಗೆ ಹರಡುತ್ತದೆ ಎಂದು ಗೊತ್ತಿದ್ದರೆ ತಪ್ಪಿಸಿಕೊಳ್ಳಬಹುದು.

ಕಾಯಿಲೆ ತರುವುದು ಉಣುಗು. ಅದರಲ್ಲೂ ಈ ಕಾಲದ ಉಣುಗಿನ ಮರಿ ರಾಗಿ ಕಾಳಿನಷ್ಟೇ ಇರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಇರುವುದು ನೆಲದ ಒಣ ದರಗಿನಲ್ಲಿ, ಅಂದರೆ ಉದುರಿದ ಎಲೆಗಳಲ್ಲಿ. ಮುಸುವ ಅಥವಾ ಮಂಗ ಸತ್ತು ಬಿದ್ದರೆ ಮೈಮೇಲಿದ್ದ ಉಣುಗುಗಳೆಲ್ಲ ಇಳಿದು ಆ ಜಾಗದ ಸುತ್ತ ಸೇರಿಕೊಳ್ಳುತ್ತವೆ. ಹಾಗಾಗಿ ಸತ್ತ ಮಂಗ ಕಂಡರೆ ಫೋಟೋಗೆಂದೂ ಹತ್ತಿರ ಹೋಗದೆ ಅಲ್ಲಿಂದಲೇ ತಿರುಗಿ, ಮನೆಯವರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಹೊರಡುವ ಮೊದಲೇ ಹೋಂಸ್ಟೇಗೆ ಫೋನ್ ಮಾಡಿ 'ಈ ವರ್ಷ ನಿಮ್ಮ ಸುತ್ತ ಮಂಗ ಸತ್ತಿವೆಯಾ, ಯಾರಿಗಾದರೂ ಜ್ವರ ಬಂದಿದೆಯಾ' ಎಂದು ನೇರವಾಗಿ ಕೇಳಿ. ಊರಿನ ಆಶಾ ಕಾರ್ಯಕರ್ತೆಯವರಿಗೆ ಸರಿಯಾಗಿ ಗೊತ್ತಿರುತ್ತದೆ. ಹೌದು ಎಂದರೆ ಕಾನಿನೊಳಗೆ ಕಾಲಿಡಬೇಡಿ, ಅಂಗಳದಿಂದ ಮತ್ತು ಹೊಳೆ ಬಂಡೆಯಿಂದಲೇ ನೋಡಿ.

ಕೂರಲು ಚಾಪೆ, ಜಮಖಾನ ಬೇಡ. ಪ್ಲಾಸ್ಟಿಕ್ ಸ್ಟೂಲ್ ಅಥವಾ ಬರಿಬಂಡೆ. ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತಿಳಿಬಣ್ಣದ ಪ್ಯಾಂಟಾದರೆ ಉಣುಗು ಹತ್ತಿದ್ದು ಕಾಣುತ್ತದೆ. ತುಂಗಾತಟ ಅವರು ಬಿಳಿ ಬೇಡ ಎಂದದ್ದೂ ಸರಿಯೇ, ತಿಳಿ ಖಾಕಿ ಎರಡಕ್ಕೂ ಹೊಂದುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೇಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಕಣ್ಣು, ಬಾಯಿ, ಗಾಯಕ್ಕೆ ತಾಗಿಸಬಾರದು. ಮಕ್ಕಳಿಗೆ ಹಚ್ಚುವ ಮೊದಲು ಆರೋಗ್ಯ ಕೇಂದ್ರದವರನ್ನು ಕೇಳಿ.

ವಾಪಸ್ ಬಂದ ಕೂಡಲೇ ಹಾಸಿಗೆ ಮೇಲೆ ಕೂರದೆ ನೇರ ಬಚ್ಚಲಿಗೆ ಹೋಗಿ. ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲ ಹಿಂದೆ, ಸೊಂಟದ ಲಾಡಿ ಜಾಗ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿ ತುದಿ ಮುಟ್ಟಿಸುವುದು, ಉಗುರಲ್ಲಿ ಹಿಸುಕುವುದು ಯಾವುದೂ ಬೇಡ. ಊರಿಗೆ ಹೋದ ಮೇಲೂ ಒಂದೆರಡು ವಾರ ಮೈಮೇಲೆ ನಿಗಾ ಇರಲಿ. ಉಣುಗು ಕಚ್ಚಿ 3ರಿಂದ 8 ದಿನದೊಳಗೆ ದಿಢೀರ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಶುರುವಾದರೆ ವೈದ್ಯರಿಗೆ 'ತೀರ್ಥಹಳ್ಳಿ ಕಡೆ ಕಾಡಿಗೆ ಹೋಗಿದ್ದೆವು' ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಬೆಂಗಳೂರಿನಲ್ಲಿ ಇದನ್ನು ಡೆಂಗಿ ಎಂದುಕೊಂಡು ದಿನ ಕಳೆಯುವ ಸಾಧ್ಯತೆ ಇದೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಅದನ್ನೂ ಅತ್ತೆಯವರಿಗೆ ತಿಳಿಸಿ.

ಹೊಳೆದಾರಿ:

ಬಹಳ ಉಪಕಾರವಾಯಿತು. ಅತ್ತೆಗೆ ಓದಿ ಹೇಳಿದೆ, ಸ್ಟೂಲ್ ಕೊಟ್ಟರೆ ಬರುತ್ತೇನೆ ಅಂದರು! ಗೂಡಿನ ವಿಷಯ ಮತ್ತು ರಾತ್ರಿಯ ವಿಷಯ ಯಾರಾದರೂ ಹೇಳಿ. ಅಲ್ಲಿಯ ಹುಡುಗರು ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಹತ್ತಿರ ಕರೆಸುತ್ತಾರಂತೆ, ಅದು ಸರಿಯಾ?

ಉತ್ತರ: ಕಾನುಹಕ್ಕಿ

ಕೂಗು ಹಾಕಿಸಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡೇ ಹಕ್ಕಿ ಹತ್ತಿರ ಬರುವುದು. ಮೇವು ಹುಡುಕುವುದು ಬಿಟ್ಟು ಇಲ್ಲದ ವೈರಿಯನ್ನು ಅಟ್ಟುತ್ತಾ ಸುತ್ತುತ್ತದೆ. ಪ್ರತಿ ವಾರ ಹೊಸ ಅತಿಥಿಗಳು ಬರುವ ಮನೆಯಲ್ಲಿ ಅದೇ ಹಕ್ಕಿಗೆ ಪ್ರತಿ ವಾರವೂ ಇದೇ ಪಾಡು.

ಮಂಗಟ್ಟೆ ಗೂಡಿನ ಬಗ್ಗೆ ನನ್ನ ಮಾತು: ಈ ಸಲ ಹೋಗಬೇಡಿ. ಜನವರಿ, ಫೆಬ್ರವರಿ ಅಂದರೆ ಅವು ಪೊಟರೆ ಆರಿಸಿಕೊಂಡು ಹೆಣ್ಣು ಒಳಗೆ ಸೇರುವ ಕಾಲ. ಒಳಗೆ ಹೋದ ಹೆಣ್ಣು ಪೊಟರೆಯ ಬಾಯಿಯನ್ನು ಹಿಕ್ಕೆ, ಹಣ್ಣಿನ ತಿರುಳಿನಿಂದ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಅಲ್ಲಿಂದ ವಾರಗಟ್ಟಲೆ ಅದಕ್ಕೂ ಮರಿಗೂ ಗಂಡು ತಂದುಕೊಟ್ಟದ್ದೇ ಊಟ. ಪೊಟರೆ ಸೇರುವ ಮೊದಲ ದಿನಗಳಲ್ಲಿ ಜನ ಕಂಡರೆ ಜೋಡಿ ಆ ಮರವನ್ನೇ ಬಿಡಬಹುದು, ಮೆತ್ತಿದ ಮೇಲೆ ಜನ ಬುಡದಲ್ಲಿ ನಿಂತರೆ ಗಂಡು ಗಂಟಲಲ್ಲಿ ಹಣ್ಣು ತುಂಬಿಕೊಂಡು ದೂರದ ಕೊಂಬೆಯಲ್ಲಿ ಕಾಯುತ್ತಾ ಇದ್ದುಬಿಡುತ್ತದೆ. ಮಂಗಟ್ಟೆ ನೋಡುವ ಸರಿಯಾದ ಜಾಗ ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರ. ಸುತ್ತ ಎಲ್ಲಿ ಹಣ್ಣಾಗಿದೆ ಎಂದು ಮನೆಯವರನ್ನು ಕೇಳಿ, 30-40 ಮೀಟರ್ ದೂರದಲ್ಲಿ ಬೆಳಿಗ್ಗೆ 7:30ರಿಂದ ಕೂರಿ. ಮಂಗಟ್ಟೆ ಜೊತೆಗೆ ಕುಟ್ರು, ಕೆಂದಳಿಲು, ಪಾರಿವಾಳದ ಜಾತಿಯ ಹಸಿರು ಹಕ್ಕಿಗಳು ಎಲ್ಲ ಅದೇ ಮರಕ್ಕೆ ಬರುತ್ತವೆ, ಯಾವುದಕ್ಕೂ ತೊಂದರೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿ, ಸರೀಸೃಪಗಳ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆ ಎಂಬುದರ ಅರ್ಥದಲ್ಲೇ ಸೇರಿದೆ ಎಂದು ಆ ಹುಡುಗರಿಗೂ ಸಮಾಧಾನವಾಗಿ ಹೇಳಿ.

ತುಂಗಾತಟ ಅವರ ಮಾತಿಗೆ ಒಂದು ತಿದ್ದುಪಡಿ ಬೇಕು. ನಡವಳಿಕೆ ನೋಡಿ ದೂರ ನಿರ್ಧರಿಸುವುದು ನೀರುನಾಯಿಗೆ ಸರಿ, ಎಲ್ಲದಕ್ಕೂ ಅಲ್ಲ ಮಾರಾಯ್ರೆ. ಹೆದರಿದಾಗ ಓಡದೆ ಕಲ್ಲಿನ ಹಾಗೆ ಕೂರುವ ಜೀವಿಗಳಿವೆ. ಕಪ್ಪೆಬಾಯಿ ಹಕ್ಕಿ ಹಗಲಿಡೀ ಒಣ ಎಲೆಯಂತೆ ಕೊಂಬೆಗೆ ಅಂಟಿಕೊಂಡಿರುತ್ತದೆ. ಎರಡು ಅಡಿಯಲ್ಲಿ ಮೊಬೈಲ್ ಹಿಡಿದರೂ ಹಾರುವುದಿಲ್ಲ, ಬರೀ ಕೊಕ್ಕು ಮೇಲೆತ್ತಿ ಕಣ್ಣು ಸೀಳಿನಷ್ಟು ಮುಚ್ಚುತ್ತದೆ. ಜನ ಅದನ್ನು 'ಹೆದರಿಕೆಯೇ ಇಲ್ಲ' ಎಂದುಕೊಳ್ಳುತ್ತಾರೆ. ಆ ಮೇಲೆತ್ತಿದ ಕೊಕ್ಕೇ ಹೆದರಿಕೆಯ ಗುರುತು. ನೆಲದಲ್ಲಿ ಮೊಟ್ಟೆ ಮೇಲೆ ಕೂತ ನತ್ತಿಂಗವೂ (ನೈಟ್‌ಜಾರ್) ಹಾಗೆಯೇ. ಇಂಥವಕ್ಕೆ ನೀವೇ ಮಿತಿ ಹಾಕಿಕೊಳ್ಳಬೇಕು: 10 ಮೀಟರ್‌ಗಿಂತ ಹತ್ತಿರ ಬೇಡ, ಎರಡು ನಿಮಿಷಕ್ಕಿಂತ ಹೆಚ್ಚು ಬೇಡ, ಫ್ಲಾಶ್ ಬೇಡವೇ ಬೇಡ.

ಮಂಡಗದ್ದೆ ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿ.ಮೀ. ಅಲ್ಲಿ ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಮರ ಖಾಲಿ. ಆಗಸ್ಟ್ ಹೊತ್ತಿಗೆ ಮತ್ತೊಮ್ಮೆ ಬಂದು ರಸ್ತೆ ಬದಿಯ ವೀಕ್ಷಣಾ ಗೋಪುರದಿಂದ ನೋಡಿ.

ಉತ್ತರ: ಹಳ್ಳದಂಚು

ರಾತ್ರಿಯ ವಿಷಯ. ಕಪ್ಪೆಗಳಿಗೆ ಜನವರಿ ಸಪ್ಪೆ ಕಾಲ. ಮರಗಪ್ಪೆಗಳ ನೊರೆಗೂಡು, ವಟವಟ ಎಲ್ಲ ಮಳೆಗಾಲಕ್ಕೆ. ಆದರೆ ನೀರು ಬತ್ತದ ಹಳ್ಳದ ಒದ್ದೆ ಬಂಡೆಗಳ ಮೇಲೆ ಕೆಲವು ಸಿಗುತ್ತವೆ. ಹಳ್ಳದೊಳಗೆ ನಡೆಯಬೇಡಿ, ಕಲ್ಲು ಮಗುಚಬೇಡಿ. ಇರುಳುಗಪ್ಪೆಗಳು ಅಡಗುವುದು, ಅಂಟಿ ಬೆಳೆಯುವ ಗೊದಮೊಟ್ಟೆಗಳು ಇರುವುದು ಅಲ್ಲೇ. ಡೇಪಾ ಎಣ್ಣೆ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಿದರೆ ಅದು ಚರ್ಮದ ಮೂಲಕ ಒಳಗೆ ಹೋಗುತ್ತದೆ, ಕಪ್ಪೆ ಸಾಯಬಹುದು. ತೊಳೆದ ಕೈಯಲ್ಲೂ ಮುಟ್ಟುವ ಅಗತ್ಯ ಇಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ.

ಎರಡು ಟಾರ್ಚ್ ಇಟ್ಟುಕೊಳ್ಳಿ. ಒಂದಕ್ಕೆ ಕೆಂಪು ಜಿಲೇಟಿನ್ ಕಾಗದ ಮೂರು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಇದು ಗೂಬೆ, ಕಾಡುಪಾಪ ನೋಡಲು. ಇನ್ನೊಂದು ಬಿಳಿ ಬೆಳಕಿನದು, ಅದನ್ನು ಕಾಲಿನ ಮುಂದಿನ ಎರಡು ಮೀಟರ್ ನೆಲಕ್ಕಷ್ಟೇ ಬಿಡಬೇಕು. ಎರಡಕ್ಕೂ ಕೆಂಪು ಹಾಕುವ ತಪ್ಪು ಬಹಳ ಜನ ಮಾಡುತ್ತಾರೆ. ಕೆಂಪು ಬೆಳಕಿನಲ್ಲಿ ಹಾವಿನ ಬಣ್ಣ ನೆಲದಲ್ಲಿ ಸೇರಿಹೋಗುತ್ತದೆ. ಹಳ್ಳದ ಪಕ್ಕದ ಪೊದೆಗಳಲ್ಲಿ ಮೊಣಕಾಲಿನಿಂದ ಎದೆಮಟ್ಟದವರೆಗೆ ಗುಳಿಮಂಡಲ ಅಲುಗದೆ ಸುತ್ತಿಕೊಂಡಿರುವುದೂ ಉಂಟು. ಅದಕ್ಕೇ ಸೊಪ್ಪು ಸರಿಸಿಕೊಂಡು ನಡೆಯಬಾರದು, ಕಾಲುದಾರಿ ಬಿಡಬಾರದು.

ಕೆಂಪು ಟಾರ್ಚನ್ನು ಕೈ ಕೆಳಗೆ ಬಿಡದೆ ಕಣ್ಣಿನ ಮಟ್ಟಕ್ಕೆ, ತಲೆಯ ಪಕ್ಕ ಹಿಡಿಯಿರಿ. ಆಗ ಮಾತ್ರ ಪ್ರಾಣಿಯ ಕಣ್ಣಿನ ಹೊಳಪು ನಿಮ್ಮ ಕಡೆಗೆ ಮರಳುತ್ತದೆ. ಕಂಡ ಮೇಲೆ ಬೆಳಕಿನ ನಡುಭಾಗ ಕಣ್ಣಿಗೆ ಬೀಳದ ಹಾಗೆ ಕೊಂಬೆಯ ಕಡೆ ಸರಿಸಿ, ಒಂದು ನಿಮಿಷದಲ್ಲಿ ಆರಿಸಿ. ಹೊಳೆಬದಿಯ ದೊಡ್ಡ ಮರದಿಂದ ಮುಸ್ಸಂಜೆಗೆ 'ಹೂಂ… ಹೂಂ' ಎಂದು ಆಳದ ದನಿ ಕೇಳಿದರೆ ಮೀನುಗೂಬೆ ಇರಬಹುದು. ಅವಕ್ಕೆ ಇದು ಗೂಡಿನ ಕಾಲ, ಮರ ಹುಡುಕಿಕೊಂಡು ಹೋಗದೆ ಅಂಗಳದಲ್ಲೇ ಕೂತು ಕೇಳಿ. ತೋಟದ ಗಡಿ ದಾಟಿ ಕಾಡಿಗೆ ರಾತ್ರಿ ಹೋಗುವುದು ಬೇಡ. ಅದಕ್ಕೆ ಅನುಮತಿ ಇಲ್ಲ, ಕಾಟಿ (ಕಾಡುಕೋಣ) ಎದುರಾದರೆ ಓಡಲು ಜಾಗವೂ ಇಲ್ಲ.

ಉತ್ತರ: ಹೊಳೆಮತ್ತಿ

ಮೇಲಿನವರು ಎಲ್ಲ ಹೇಳಿದ್ದಾರೆ, ಉಳಿದದ್ದು ಮನೆಯವರ ಹತ್ತಿರ ಮಾತಾಡಬೇಕಾದ ವಿಷಯ. ಅತಿಥಿ ಕೇಳಿದರೆ ಅವರು ಖುಷಿಯಿಂದಲೇ ಮಾಡುತ್ತಾರೆ.

ಹೊಳೆಯ ಕಡೆ ಮುಖ ಮಾಡಿದ ಫ್ಲಡ್‌ಲೈಟ್ ಇದ್ದರೆ ಊಟ ಮುಗಿದ ಕೂಡಲೇ ಆರಿಸಲು ಹೇಳಿ. ಮನೆ ನಾಯಿಯನ್ನು ನಿಮ್ಮ ಜೊತೆ ಹೊಳೆಗೆ ಬಿಡಬಾರದು, ಕಟ್ಟಿಹಾಕಲು ಹೇಳಿ. ಅದು ನಿಮ್ಮ ಮುಂದೆ ಓಡಿ ಮೊಲ, ಕಾಡುಕುರಿ ಎಲ್ಲ ಎಬ್ಬಿಸಿಬಿಡುತ್ತದೆ. ಎಂಜಲು ತಿಪ್ಪೆ ತೆರೆದಿದ್ದರೆ ಮಂಗ, ಹಂದಿ ಅಂಗಳಕ್ಕೇ ಬರುತ್ತವೆ, ದರಗು ಅವರು ಹೇಳಿದ ಉಣುಗೂ ಅವುಗಳ ಜೊತೆ ಬರುತ್ತದೆ. ಮಂಗಕ್ಕೆ ಬಾಳೆಹಣ್ಣು ಕೊಡುವುದೂ ಇದೇ ಕಾರಣಕ್ಕೆ ಬೇಡ. ದಡದಲ್ಲಿ ಬಿಟ್ಟುಹೋದ ಹಳೇ ಮೀನುಬಲೆ ಕಂಡರೆ ಮನೆಯವರಿಗೆ ತೋರಿಸಿ ಎತ್ತಿಸಿ. ನೀರುನಾಯಿ, ಆಮೆ ಎರಡೂ ಅದರಲ್ಲಿ ಸಿಕ್ಕಿ ಉಸಿರುಕಟ್ಟಿ ಸಾಯುತ್ತವೆ. ಕಾಳಿಂಗವೋ ನಾಗರವೋ ತೋಟದಲ್ಲಿ ದಾಟಿ ಹೋಗುತ್ತಿದ್ದರೆ ಹೋಗಲು ಬಿಡಿ. ಮನೆಯೊಳಗೇ ಸೇರಿಕೊಂಡರೆ ಮಾತ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿಸಿ, ಅವರು ಬರುವವರೆಗೆ ದೂರದಿಂದ ಎಲ್ಲಿದೆ ಎಂದು ಕಣ್ಣಿಟ್ಟಿರಿ.

ತೆಪ್ಪದ ಸುತ್ತು ಹೋಗುವುದಾದರೆ 10ರಿಂದ 12ರ ನಡುವೆ ಹೋಗಿ, ಬೆಳಗಿನ ಹೊಳೆ ಪ್ರಾಣಿಗಳಿಗೆ ಇರಲಿ. ಐದೂ ಜನಕ್ಕೆ ಲೈಫ್ ಜಾಕೆಟ್ ಇದೆಯಾ, ಮಕ್ಕಳ ಅಳತೆಯದು ಇದೆಯಾ ಎಂದು ಈಗಲೇ ಫೋನಿನಲ್ಲಿ ಕೇಳಿ. ಮೊಸಳೆ ಇರುವ ಗುಂಡಿ ಯಾವುದು ಎಂದು ಊರವರಿಗೆ ಗೊತ್ತಿರುತ್ತದೆ, ಅಲ್ಲಿ ಕೈಕಾಲು ನೀರಿಗೆ ಇಳಿಬಿಡಬೇಡಿ. ಫೋಟೋಗೆಂದು ಮರಳು ದಿಬ್ಬ, ನಡುಗಡ್ಡೆಗಳಲ್ಲಿ ಇಳಿಸಿ ಎನ್ನಬೇಡಿ. ಫೆಬ್ರವರಿಯಿಂದ ಅಲ್ಲಿ ಬರಿನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳಿವೆ, ಮೊಟ್ಟೆ ಬೆಣಚುಕಲ್ಲಿನ ಬಣ್ಣದ್ದೇ ಆದ್ದರಿಂದ ಕಾಲಡಿ ಒಡೆದರೂ ಗೊತ್ತಾಗುವುದಿಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ದ್ವೀಪಗಳಲ್ಲಿ ರಿವರ್ ಟರ್ನ್‌ಗಳು ಹೀಗೇ ಸಾಲಾಗಿ ಮೊಟ್ಟೆ ಇಡುತ್ತವೆ. ದೋಣಿ ತೀರಾ ಹತ್ತಿರ ಹೋದರೆ ಎಲ್ಲ ಒಟ್ಟಿಗೆ ಎದ್ದು ಹಾರುತ್ತವೆ, ಬಿಸಿಲಿಗೆ ಮೊಟ್ಟೆ ಕಾಯುತ್ತದೆ, ಕಾಗೆ, ಹದ್ದುಗಳಿಗೆ ದಾರಿಯಾಗುತ್ತದೆ.

ಮುಂದೆ ಯಾವಾಗಲಾದರೂ ಶರಾವತಿಯಲ್ಲಿ ಲಿಂಗನಮಕ್ಕಿಯಿಂದ ಕೆಳಗೆ ಉಳಿಯುವುದಿದ್ದರೆ ಅಲ್ಲಿ ಮಳೆಯಿಲ್ಲದೆಯೂ ವಿದ್ಯುತ್ ಉತ್ಪಾದನೆಗೆ ಬಿಟ್ಟ ನೀರಿನಿಂದ ಮಟ್ಟ ಏರುತ್ತದೆ. ಸ್ಟೂಲನ್ನು ನೀರಿನಂಚಿನಲ್ಲಿ ಇಡದೆ, ಬಂಡೆ ಮೇಲಿನ ಒದ್ದೆ ಗೆರೆಗಿಂತ ಮೇಲೆ ಇಟ್ಟುಕೊಳ್ಳಿ.